ಹಾರುವ ಕುದುರೆಯ ಸರದಿ

ಅಜ್ಜಿಯ ಕತೆ ಕೇಳಿ ಬೆಳೆದವರು ಯಾವ ಕೆಲಸಕ್ಕಾದರೂ ಹೋಗಬಹುದು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಮಾತ್ರ ಹೋಗಬಾರದು ಎಂಬ ಜ್ಞಾನೋದಯ ಆ ಹುಡುಗಿಗೆ ಆದದ್ದು ಪ್ರಾಣಿಗಳ ಆಸ್ಪತ್ರೆಯ ಹೊರಕೋಣೆಯಲ್ಲಿ, ಕೆಲವು ನಾಯಿ, ಬೆಕ್ಕು ಮತ್ತು ಒಂದು ಸಿಟ್ಟಿನ ಹುಂಜದ ಸಮ್ಮುಖದಲ್ಲಿ.

ಕೆಲಸ ಕೊಡಿಸಿದವಳು ಚಿಕ್ಕಮ್ಮ. ಆ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಕೂತೇ ತಲೆ ನರೆಸಿಕೊಂಡವಳು. "ನಮ್ಮಕ್ಕನ ಮಗಳು ಸರ್. ಸ್ವಲ್ಪ ಕನಸಿನ ಕಂತೆ, ಆದ್ರೆ ಕೈ ಚುರುಕು" ಎಂದು ಡಾಕ್ಟರ ಮುಂದೆ ತನ್ನ ಮಾತನ್ನೇ ಒತ್ತೆ ಇಟ್ಟಿದ್ದಳು. ಯಾವ ಪ್ರಾಣಿಯನ್ನು ಮೊದಲು ಒಳಗೆ ಕರೆಯಬೇಕೆಂದು ಕಂಪ್ಯೂಟರೇ ತೀರ್ಮಾನಿಸುವ ವ್ಯವಸ್ಥೆಯೊಂದನ್ನು ಹುಡುಗಿ ಕಟ್ಟಿದ್ದಳು; ಇವತ್ತು ಅದರ ಮೊದಲ ದಿನ. ಡಾಕ್ಟರರ ಷರತ್ತು ಒಂದೇ: ಇವತ್ತು ಗೊಂದಲವಾದರೆ ನಾಳೆಯಿಂದ ಹಳೇ ಟೋಕನ್ನೇ ಗತಿ.

ಹುಡುಗಿಯ ಪ್ರೋಗ್ರಾಮಿನಲ್ಲಿ ಪ್ರತಿ ಪ್ರಾಣಿಗೂ ಒಂದೊಂದು ಆಬ್ಜೆಕ್ಟ್ ಇತ್ತು. ಹೆಸರು, ವಯಸ್ಸು, ಕಾಯಿಲೆಯನ್ನೆಲ್ಲ ಒಟ್ಟಿಗೆ ಕಟ್ಟಿಟ್ಟ ಗಂಟು ಅನ್ನಿ. ಆ ಗಂಟುಗಳನ್ನು ರೂಲ್ ಎಂಜಿನ್‌ಗೆ ಒಪ್ಪಿಸಿದರೆ, ಅದು ಡಾಕ್ಟರು ಹೇಳಿದ ನಿಯಮಗಳನ್ನು ಹಚ್ಚಿ ನೋಡಿ, ಗಾಯವಾದದ್ದು ಮೊದಲು, ಗಾಯವಾದವುಗಳಲ್ಲಿ ಮುದಿಯದು ಇನ್ನೂ ಮೊದಲು ಎಂದು ಸರದಿ ಹೇಳುತ್ತದೆ. "ಹೊಸದಾಗಿ ಏನೂ ಮಾಡೋಕೆ ಹೋಗ್ಬೇಡಮ್ಮ, ಇರೋದನ್ನ ಇದ್ದ ಹಾಗೇ ಒಳಗೆ ಕಳಿಸು" ಎಂದಿದ್ದರು ಕೆಲಸ ಕಲಿಸಿದ ಮೇಷ್ಟ್ರು. ಗುರುವಾಕ್ಯ ಮೀರುವವಳಲ್ಲ ಅವಳು. ಇದ್ದದ್ದನ್ನೆಲ್ಲ ಇದ್ದ ಹಾಗೇ ಕಳಿಸಿದಳು. ಇದ್ದದ್ದರಲ್ಲಿ, ಪರೀಕ್ಷೆಗೆಂದು ಹಿಂದೊಮ್ಮೆ ಜೊಂಪಿನಲ್ಲಿ ತಾನೇ ಹುಟ್ಟಿಸಿದ ಒಂದು ಜೀವವೂ ಇತ್ತು.

ಗೋಡೆಯ ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು.

"ಹಾರುವ ಕುದುರೆ. ವಯಸ್ಸು ಒಂಬೈನೂರು. ದಯವಿಟ್ಟು ಒಳಗೆ ಬನ್ನಿ."

ಹುಂಜ ಕೂಡ ಕತ್ತೆತ್ತಿ ಬಾಗಿಲತ್ತ ನೋಡಿತು.

"ಯಾರ್ರೀ ಕುದುರೆ ತಂದಿರೋದು?" ಬೆಕ್ಕು ಹಿಡಿದ ದರ್ಜಿ ಬಾಗಿಲಾಚೆ ಇಣುಕಿದ. "ಹೊರಗೆ ಕಟ್ಟಿದಾರಾ?"

"ಹಾರೋದಂತಲ್ಲಾ, ಮೇಲೆಲ್ಲೋ ಕೂತಿರ್ಬೇಕು ನೋಡಿ," ಎಂದಳು ನಾಯಿಯವಳು.

ಚಿಕ್ಕಮ್ಮ ನಿಧಾನವಾಗಿ ಕತ್ತು ತಿರುಗಿಸಿದಳು. "ಏನೇ ಇದು?"

"ಪರೀಕ್ಷೆಗೆ ಹಾಕಿದ್ದೆ ಚಿಕ್ಕಮ್ಮ. ತೆಗೆಯೋಕೆ ಮರ್ತೆ."

"ನಮ್ಮಮ್ಮ ಹೋದ್ಲು, ಅವಳ ಕತೆಗಳ ಲಾಯ ಮಾತ್ರ ನಿನ್ನ ತಲೇಲಿ ಬಿಟ್ಟು ಹೋದ್ಲು!"

ಹುಡುಗಿ ಪಟ್ಟಿಯಿಂದ ಕುದುರೆಯನ್ನು ಅಳಿಸಿದಳು. ತೆರೆಯ ಮೇಲೆ ಕುದುರೆ ಮಾಯ. "ಹಾರುವ ಕುದುರೆ, ಎರಡನೇ ಕರೆ" ಎಂದಿತು ಸ್ಪೀಕರ್. ಪಟ್ಟಿಯಿಂದ ಹೋದರೇನು, ಎಂಜಿನ್ ತನಗೆ ಒಪ್ಪಿಸಿದ ಗಂಟನ್ನು ಹಿಡಿದುಕೊಂಡೇ ಕೂತಿತ್ತು. ಬಿಡು ಎಂದು ಅದಕ್ಕೇ ಹೇಳಬೇಕು. ಹಾಗೆ ಹೇಳುವ ಗುಂಡಿ ಇದ್ದದ್ದು ಡಾಕ್ಟರ ಕಂಪ್ಯೂಟರಿನಲ್ಲಿ ಮಾತ್ರ: "ಚಿಕಿತ್ಸೆ ಮುಗಿಯಿತು". ಅಂಥದ್ದೇ ಇನ್ನೊಂದು ಗುಂಡಿ ತನಗೂ ಮಾಡಿಟ್ಟುಕೊಳ್ಳಬೇಕಾದ ಹೊತ್ತಿನಲ್ಲಿ ಅವಳು ಕುದುರೆಯ ಗಾಯವನ್ನು ವರ್ಣಿಸುತ್ತಿದ್ದಳು. ಪ್ರೋಗ್ರಾಂ ನಿಲ್ಲಿಸಿದರೆ ಎಲ್ಲರ ಸರದಿಯೂ ಅಳಿಸಿಹೋಗುತ್ತದೆ, ಜೊತೆಗೆ ಚಿಕ್ಕಮ್ಮನ ಮಾತೂ.

ಅವಳು ಎದ್ದು ಬರಿಗೈಯಲ್ಲಿ ಒಳಗೆ ಹೋದಳು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಎಲ್ಲಮ್ಮ ಕುದುರೆ?"

"ತಪ್ಪು ನಂದೇ ಸರ್. ಕುದುರೆ ಇಲ್ಲ. ಇದೆ ಅಂದ್ಕೊಂಡು ನೀವು ಆ ಗುಂಡಿ ಒತ್ತಿಬಿಟ್ರೆ..."

"ರೋಗೀನ ನೋಡದೆ ಒತ್ತಲ್ಲ." ಅವರು ತೆರೆಯತ್ತ ಬಾಗಿ ಓದಿದರು. "ರಾಕ್ಷಸನ ಕತ್ತಿ ತಗುಲಿ ಎಡ ರೆಕ್ಕೆ ಅರ್ಧ ಹರಿದಿದೆ. ಹೂಂ. ಏನು ತಿನ್ನುತ್ತೆ?"

"ಬೆಳದಿಂಗಳು ಸರ್."

"ಅದಕ್ಕೇ ಬಡಕಲಾಗಿದೆ. ಗಟ್ಟಿಯಾಗಿ ಹಿಡ್ಕೊ."

ಬೇರೆ ದಾರಿಯಿರಲಿಲ್ಲ. ಹುಡುಗಿ ಬರಿಗಾಳಿಯ ಕೊರಳನ್ನು ತಬ್ಬಿ ಹಿಡಿದಳು. ನಾಚಿಕೆಗೇಡಿನ ಸಂಗತಿಯೆಂದರೆ, ಎಷ್ಟು ಎತ್ತರದಲ್ಲಿ ತಬ್ಬಬೇಕೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಡಾಕ್ಟರು ಗಾಳಿಗೆ ಎರಡು ಹೊಲಿಗೆ ಹಾಕಿ ಗುಂಡಿ ಒತ್ತಿದರು.

ಹೊರಗೆ ಸ್ಪೀಕರ್ ದರ್ಜಿಯ ಬೆಕ್ಕನ್ನು ಕರೆಯಿತು. ಕಿವಿ ಹರಿದ ಮುದಿ ಬೆಕ್ಕು; ನ್ಯಾಯವಾಗಿ ಅದರದ್ದೇ ಸರದಿ.

ದರ್ಜಿಯ ಹಿಂದೆಯೇ ಚಿಕ್ಕಮ್ಮನೂ ಬಂದು ಬಾಗಿಲಲ್ಲಿ ನಿಂತಳು. ಸೊಸೆಯ ತಪ್ಪು ಹಿಡಿದ ಅತ್ತೆಯಂತೆ ಅಕ್ಕನ ಮಗಳ ಮುಖ ನೋಡಿ, ಡಾಕ್ಟರತ್ತ ತಿರುಗಿದಳು. "ಏನ್ ಸರ್, ನಾಳೆಯಿಂದ ಟೋಕನ್ ಹರೀಲಾ?"

"ಬೇಡ, ಇದೇ ಇರ್ಲಿ," ಎಂದರು ಡಾಕ್ಟರು ಕೈ ತೊಳೆಯುತ್ತ. "ಆದ್ರೆ ಈಕೆಗೆ ಹೇಳಿ, ಇನ್ನೊಂದು ವಾರ ಕುದುರೇನ ಹಾರಿಸಬಾರದು."