ಮುಚ್ಚಳ ತೆಗೆದ ಗಡಿಯಾರ

ಲಝರ್ ನೀರಿಗಿಳಿದು ಹದಿನಾಲ್ಕು ನಿಮಿಷವಾಗಿತ್ತು. ಅವನ ಗಡಿಯಾರಕ್ಕೆ ಇಟಲಿಯ ಗಿರಾಕಿ ಬರೆದುಕೊಟ್ಟ ಬೆಲೆಯನ್ನು ಇನ್ನೊಮ್ಮೆ ನೋಡಿ ಖುಷಿಪಡೋಣವೆಂದು ಜೇಬಿನಿಂದ ಚೀಟಿ ತೆಗೆದೆ. ಮಡಿಕೆ ಬಿಚ್ಚಿದರೆ ಒಳಗೆ ಒಂದು ಕಪ್ಪು ರಬ್ಬರ್ ಬಳೆ ಅಂಟಿಕೊಂಡಿತ್ತು. ಗಡಿಯಾರದಷ್ಟೇ ಅಗಲ, ದಾರದಷ್ಟು ತೆಳು. ಅದು ಏನೆಂದು ತಿಳಿಯಲು ರಿಪೇರಿಯವನೇ ಆಗಬೇಕಿಲ್ಲ. ಗಡಿಯಾರದ ಬೆನ್ನಿನ ಮುಚ್ಚಳದ ಕೆಳಗೆ ಕೂತು ನೀರು ತಡೆಯುವ ಬಳೆ ಅದು. ಗಡಿಯಾರ ಮಾತ್ರ ಎಪ್ಪತ್ತು ಮೀಟರ್ ಕೆಳಗೆ, ಲಝರ್‌ನ ಕೈಯಲ್ಲಿತ್ತು.

ಲಝರ್ ನನ್ನ ಹೆಂಡತಿಯ ಅಣ್ಣ. ನಮ್ಮ ತಬರ್ಕಾ ಬಂದರಿನಲ್ಲಿ ಕೆಂಪು ಹವಳ ಕಡಿಯಲು ಇನ್ನೂ ಮುಳುಗುವ ನಾಲ್ಕೈದು ಜನರಲ್ಲಿ ಒಬ್ಬ. ವಯಸ್ಸು ಐವತ್ತೆರಡು. ಹೊಸ ಹುಡುಗರು ಕೈಗೆ ಕಂಪ್ಯೂಟರ್ ಕಟ್ಟಿಕೊಂಡು ಇಳಿಯುತ್ತಾರೆ, ಇವನಿಗೆ ಅಪ್ಪನ ಗಡಿಯಾರವೇ ಆಗಬೇಕು. ಅರವತ್ತಮೂರರಲ್ಲಿ ಫ್ರೆಂಚರು ಬಿಝರ್ತೆ ಬಂದರು ಬಿಟ್ಟು ಹೋಗುವಾಗ ಅವರ ನೌಕಾಪಡೆಯ ಮುಳುಗುಗಾರನೊಬ್ಬ ಅಪ್ಪನಿಗೆ ಕೊಟ್ಟದ್ದು. ಕಪ್ಪು ಮುಖ, ಸುತ್ತ ತಿರುಗಿಸುವ ಉಂಗುರ, ಬೆನ್ನ ಮೇಲೆ ಕೊರೆದ ನಂಬರು. ನೋಡಲು ಏನೇನೂ ಚೆಂದವಿಲ್ಲ. ಆದರೆ ಬೇಸಿಗೆಯಲ್ಲಿ ಬರುವ ಇಟಲಿಯವರು ನಮ್ಮ ಮುಖ ನೋಡುವುದಿಲ್ಲ, ಮಣಿಕಟ್ಟು ನೋಡುತ್ತಾರೆ.

ಅವನು ಸಮುದ್ರ ಬಿಡಲಿ ಎಂದು ನನ್ನ ಹೆಂಡತಿ ಎರಡು ವರ್ಷದಿಂದ ಅಳುತ್ತಿದ್ದಾಳೆ. ಗಡಿಯಾರ ಮಾರಿ ದಡದಲ್ಲಿರು ಎಂದರೆ ಲಝರ್ ಕುರ್ಚಿ ಎತ್ತಿ ಹೊಡೆಯುತ್ತಾನೆ. ಬೆಲೆ ಬರೆದ ಚೀಟಿಯನ್ನೇ ಕಣ್ಣ ಮುಂದೆ ಹಿಡಿದರೆ ಬಗ್ಗಿಯಾನು ಎಂದುಕೊಂಡೆ. ಹಮ್ಮಾಮಿನ ಸ್ನಾನದ ಮನೆಗೆ ಹೋಗುವ ದಿನ ಮಾತ್ರ ಅವನು ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಡುವುದು ವಾಡಿಕೆ. ನಿನ್ನೆ ಅವನು ಒಳಗೆ ಮೈ ತಿಕ್ಕಿಸಿಕೊಳ್ಳುತ್ತಿದ್ದಾಗ ನಾನು ಅದನ್ನು ಎದುರಿನ ಕಾಫಿ ಅಂಗಡಿಗೆ ಒಯ್ದೆ. ಇಟಲಿಯವನು ಬಿಳಿ ಕರವಸ್ತ್ರ ಹಾಸಿ ಮುಚ್ಚಳ ತಿರುಗಿಸಿ ತೆಗೆದ. ಒಳಗಿನ ನಂಬರಿಗೂ ಹೊರಗಿನದಕ್ಕೂ ತಾಳೆಯಾಯಿತು. ಆ ಕರವಸ್ತ್ರದ ಮೇಲೇ ಚೀಟಿ ಇಟ್ಟು ಅವನು ಬೆಲೆ ಬರೆದದ್ದನ್ನು ನೋಡಿದೆ. ಮುಚ್ಚಳ ಹಾಕಿದ್ದನ್ನು ನೋಡಲಿಲ್ಲ, ಆಗ ನಾನು ಕಾಫಿ ತರಿಸಲು ತಿರುಗಿದ್ದೆ. ಹೊಸ ಬಳೆ ಹಾಕಿ ಹಳೆಯದನ್ನು ಕಿತ್ತನೋ, ಬಳೆಯೇ ಇಲ್ಲದೆ ಮುಚ್ಚಿದನೋ, ದೇವರಿಗೇ ಗೊತ್ತು.

"ಏನೋ ಅದು, ಮೊನ್ಸೆಫ್?" ಎಂದ ಬೂಜೆಮ್ಮಾ ಕಾಕಾ. ದೋಣಿಯ ಚುಕ್ಕಾಣಿ ಅವನದು. ಖಾರದ ಹರೀಸಾ ಸವರಿದ ರೊಟ್ಟಿ ಅಗಿಯುತ್ತಿದ್ದ.

ಹೇಳಿದೆ. ಅವನ ಬಾಯಿ ನಿಂತಿತು.

"ಅವನಿಗೆ ಕೆಳಗೆ ಎಷ್ಟು ಹೊತ್ತು ಲೆಕ್ಕ?"

"ಇಪ್ಪತ್ತು ನಿಮಿಷ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ನಿಂತು ಬರಬೇಕು."

"ಗಡಿಯಾರ ನಿಂತಿದ್ರೆ?"

"ಇಪ್ಪತ್ತು ಯಾವಾಗಾಯ್ತು ಅಂತ್ಲೇ ಗೊತ್ತಾಗಲ್ಲ."

"ಹಾಗಾದ್ರೆ ಬಾಯಿ ಬಿಟ್ಕೊಂಡು ಏನ್ ನೋಡ್ತಿದೀಯ, ಕತ್ತೆ? ಕಬ್ಬಿಣ ಬಡಿ."

ಬಡಿಯಲಿಲ್ಲ. ಎರಡು ನಿಮಿಷ ಹಾಗೇ ನಿಂತೆ, ಸುಳ್ಳು ಹೇಳುವುದಿಲ್ಲ. ಬಡಿದರೆ ಅವನು ಮೇಲೆ ಬಂದು ಯಾಕೆ ಎಂದು ಕೇಳುತ್ತಾನೆ. ಬಳೆ ಸರಿಯಿದ್ದರೆ ಒಂದು ದಿನದ ಹವಳವೂ ಹೋಯಿತು, ನನ್ನ ಕಳ್ಳತನವೂ ಬಯಲಾಯಿತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಇಂಥ ಹೊಲಸು ಯೋಚನೆ ಬರುತ್ತದೆ. ಆಮೇಲೆ ಸುತ್ತಿಗೆ ತೆಗೆದುಕೊಂಡು, ಅರ್ಧ ನೀರಿನಲ್ಲಿ ಮುಳುಗಿಸಿದ ಕಬ್ಬಿಣದ ಕೊಳವೆಗೆ ಮೂರು ಮೂರಾಗಿ ಹೊಡೆದೆ. ಮೇಲೆ ಬಾ ಎಂದು ಅದರ ಅರ್ಥ.

ಗುಳ್ಳೆಗಳು ಇದ್ದಲ್ಲೇ ಏಳುತ್ತಿದ್ದವು. ಮತ್ತೆ ಹೊಡೆದೆ.

"ಹದಿನೆಂಟು," ಎಂದ ಕಾಕಾ. ಅವನ ಕೈಯಲ್ಲಿ ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಗಡಿಯಾರವಿತ್ತು.

"ಕೇಳಿಸಿದೆ ನನ್ಮಗನಿಗೆ. ಬರ್ತಿಲ್ಲ."

"ಯಾಕೆ ಬರ್ತಾನೆ? ಅವನ ಲೆಕ್ಕದಲ್ಲಿ ಇನ್ನೂ ಹೊತ್ತಿದೆಯೋ ಏನೋ. ಹೊಡಿ."

ಇಪ್ಪತ್ತಾಯಿತು. ಇಪ್ಪತ್ತೊಂದು. ನನ್ನ ಅಂಗೈ ಸುಲಿಯಿತು. ಇಪ್ಪತ್ಮೂರಕ್ಕೆ ಗುಳ್ಳೆಗಳು ನಿಧಾನಕ್ಕೆ ಲಂಗರಿನ ಹಗ್ಗದ ಕಡೆ ಸರಿದವು.

ಕಷ್ಟ ಅಲ್ಲಿಂದಲೇ ಶುರು. ಬರುವಾಗ ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಲ್ಲಬೇಕು ಎನ್ನುವುದನ್ನೂ ಅವನು ಅದೇ ಗಡಿಯಾರದಲ್ಲಿ ನೋಡಬೇಕು. ಕಡಿಮೆ ನಿಂತರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಹಾಗೆ ಬಂದವರು ಬಂದರಿನಲ್ಲಿ ಕೋಲು ಹಿಡಿದು ಓಡಾಡುವುದನ್ನು ದಿನಾ ನೋಡುತ್ತೇನೆ. ಓಡಾಡದವರ ಮನೆಗೂ ಹೋಗಿ ಬಂದಿದ್ದೇನೆ.

ಬರೆಯುವ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: 'ಗಡಿಯಾರ ನಂಬಬೇಡ. ಕೆಳಗೆ ಇಪ್ಪತ್ಮೂರು ನಿಮಿಷ ಇದ್ದೆ. ನಿಮಿಷಕ್ಕೊಂದು ಏಟು ಹೊಡೆಯುತ್ತೇನೆ. ಎಣಿಸು.' ಹಲಗೆಯನ್ನು ಭಾರ ಕಟ್ಟಿದ ದಾರದಲ್ಲಿ ಇಳಿಬಿಟ್ಟೆ. ಕಾಕಾ ಇನ್ನೊಂದು ಗಾಳಿಯ ಸಿಲಿಂಡರು ಇಳಿಸಿದ.

ಹೊಡೆಯತೊಡಗಿದೆ. ಕಾಕಾ ತಲೆಯಾಡಿಸಿದಾಗಲೆಲ್ಲ ಒಂದು ಏಟು. ದಾರ ಎರಡು ಸಲ ಜಗ್ಗಿತು. ಎಳೆದೆ. ಹಲಗೆಯಲ್ಲಿ ಒಂದೇ ಪದ: 'ಯಾಕೆ?'

"ಬರೀ," ಎಂದ ಕಾಕಾ. "ಮೇಲೆ ಬಂದ ಮೇಲೆ ಹೇಳೋದನ್ನ ಈಗ್ಲೇ ಹೇಳು. ಅಲ್ಲಿ ಅವನ ಬಾಯಿ ಮುಚ್ಚಿದೆ, ನಿನ್ನ ಪುಣ್ಯ."

'ನಿನ್ನೆ ಇಟಲಿಯವನಿಗೆ ತೋರಿಸಿದೆ. ಹಿಂದಿನ ಮುಚ್ಚಳ ತೆಗೆದ' ಎಂದು ಬರೆದೆ. ನನ್ನ ಅಕ್ಷರ ಮೊದಲೇ ಕೋಳಿ ಕೆದಕಿದಂತೆ, ಈಗ ಇನ್ನೂ ಕೆಟ್ಟಿತ್ತು.

ಹಲಗೆ ಇಳಿಸಿ ಮತ್ತೆ ಹೊಡೆಯುತ್ತಾ ಹೋದೆ. ಅದು ಮೇಲೆ ಬಂದಾಗ ಎಲ್ಲ ಉಜ್ಜಿಹಾಕಿ '11' ಎಂದಷ್ಟೇ ಬರೆದಿದ್ದ.

"ಕಾಕಾ, ಎಷ್ಟು ಹೊಡೆದಿದೀನಿ?"

"ಹನ್ನೆರಡು."

"ಅವನು ಹನ್ನೊಂದು ಅಂತಾನೆ."

"ಒಂದು ಕೇಳಿಸಿಲ್ಲ. ಇಲ್ಲಾ ನೀನು ಹೊಡೆದಿಲ್ಲ."

"ನಿಂಗೆ ಕಣ್ಣಿರಲಿಲ್ವಾ?"

"ನನ್ನ ಕಣ್ಣು ಗಡಿಯಾರದ ಮೇಲಿತ್ತು. ನಿಂಗೆ ಎಣಿಸೋಕೆ ಬರಲ್ವಾ? ಕೂಗಾಡಬೇಡ. ಅವನದ್ದೇ ಲೆಕ್ಕ ಹಿಡಿ. ಒಂದು ನಿಮಿಷ ಹೆಚ್ಚು ನಿಂತ್ರೆ ಯಾರೂ ಸಾಯಲ್ಲ."

ಅಂದು ಒಂದು ಗಂಟೆಗಿಂತ ಹೆಚ್ಚು ಹೊಡೆದೆ. ಕೊನೆಯ ಮೆಟ್ಟಿಲು ಮೂರು ಮೀಟರಿನದು. ಅಲ್ಲಿ ಹಗ್ಗ ಹಿಡಿದು ತೂಗಾಡುವ ಲಝರ್‌ನ ತಲೆ ಮೇಲಿನಿಂದಲೇ ಕಾಣುತ್ತಿತ್ತು. ಅವನು ಒಮ್ಮೆಯೂ ಮೇಲೆ ನೋಡಲಿಲ್ಲ.

ಹತ್ತಿ ಬಂದವನು ಮುಖವಾಡ ತೆಗೆದು ನನ್ನ ಮುಂದೆ ಮಣಿಕಟ್ಟು ಚಾಚಿದ. ಗಾಜಿನೊಳಗೆ ಅರ್ಧಕ್ಕೆ ನೀರು ನಿಂತಿತ್ತು. ಅವನು ಇಳಿದು ಒಂಬತ್ತು ನಿಮಿಷಕ್ಕೆ ಮುಳ್ಳು ಸತ್ತಿತ್ತು.

"ಮೂರು ಸಲ ನೋಡ್ದೆ," ಎಂದ. "ಮೂರು ಸಲಾನೂ ಒಂಬತ್ತು. ಆಳದಲ್ಲಿ ತಲೆ ಮಂದ ಆಗಿರುತ್ತೆ ಭಾವ. ಇವತ್ತು ದೇವರು ಹೊತ್ತು ಜಾಸ್ತಿ ಕೊಟ್ಟಿದಾನೆ ಅಂದ್ಕೊಂಡೆ. ನೀನು ಬಡಿಯೋದು ಕೇಳಿ ಬೈದೆ."

"ಲಝರ್, ನಾನು—"

"ಎಷ್ಟಂದ ಅವನು?"

"ಹದಿನೈದು ಸಾವಿರ ದಿನಾರು."

"ಈಗ?"

"ಉಪ್ಪುನೀರು ಹೊಕ್ಕಿದೆ. ಮುಟ್ಟೋದೂ ಇಲ್ಲ."

ಅವನು ದೋಣಿಯ ಅಂಚಿಗೆ ಒರಗಿ ಕಾಲು ಚಾಚಿದ. ಗುಳ್ಳೆಯ ಕಾಯಿಲೆ ಬರುವುದಾದರೆ ಮೊದಲ ಒಂದು ಗಂಟೆಯಲ್ಲೇ ಬರುವುದು ಹೆಚ್ಚು. ಕಾಲು ಜೋಮು ಹಿಡಿಯುತ್ತದೆ, ಆಮೇಲೆ ಕೈ. ಕಾಕಾ ದೋಣಿಯನ್ನು ಬಂದರಿನ ಕೋಟೆಯ ಕಡೆ ತಿರುಗಿಸಿದ. ನಾನು ಲಝರ್‌ನ ಪಕ್ಕ ಕೂತು ಅವನ ತೊಡೆ ಚಿವುಟಿದೆ.

"ಗೊತ್ತಾಯ್ತಾ?"

"ಗೊತ್ತಾಯ್ತು."

ಮೊಣಕಾಲು, ಮೀನಖಂಡ, ಹೆಬ್ಬೆರಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಒಮ್ಮೆ ಅವನು ಉತ್ತರ ಕೊಡಲು ತಡಮಾಡಿದ. ಇನ್ನೂ ಜೋರಾಗಿ ಚಿವುಟಿದೆ. ನಿದ್ದೆಗಣ್ಣಿನಲ್ಲಿದ್ದ ಅಷ್ಟೇ. ಬಂದರಿನ ಗೋಡೆ ಕಾಣುವ ಹೊತ್ತಿಗೆ ಎಷ್ಟು ಸಲ ಚಿವುಟಿದ್ದೆನೋ, ಅವನ ಕಾಲು ಕೆಂಪಾಗಿತ್ತು. ಇನ್ನು ಎಡಗೈ ನೋಡೋಣವೆಂದು ತೋಳು ಹಿಡಿದೆ.

ಲಝರ್ ಆ ಕೈ ಬಿಡಿಸಿಕೊಂಡು ಅದರಿಂದಲೇ ನನ್ನ ಕೆನ್ನೆಗೆ ಬಾರಿಸಿದ. ಹಗ್ಗದ ಸುರುಳಿಯ ಮೇಲೆ ಬಿದ್ದೆ. ಬಾಯಲ್ಲಿ ರಕ್ತ ಬಂತು. ಕಾಕಾ ಎಂಜಿನ್ ಕಡಿಮೆ ಮಾಡಿ ತಿರುಗಿ ನೋಡಿದ.

"ಏನಾಯ್ತೋ?"

"ಏನಿಲ್ಲ ಕಾಕಾ," ಎಂದೆ. "ಎಡಗೈಯಲ್ಲೂ ಬಲ ಇದೆ."