ಮಾವನ ಮೂಗು ಪಾಸು ಮಾಡಿದ ಡ್ರಮ್ಮು

ನಮ್ಮ ಮಾವನಿಗೆ ದೇವರು ಮೂಗು ಕೊಟ್ಟಿದ್ದು ಉಸಿರಾಡಲು. ಅವರು ಅದನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದರು.

ಮಕ್ಕಳ ಮೈಗೆ ಹಚ್ಚುವ ಎಣ್ಣೆಯನ್ನು ಬಾಟಲಿಗೆ ತುಂಬಿ ಮಾರುವುದು ನಮ್ಮ ಮನೆತನದ ಕಸುಬು. ಎಣ್ಣೆಯೆಂದರೆ ಕಾಳು ಹಿಂಡಿದ್ದಲ್ಲ. ಕಚ್ಚಾ ತೈಲವನ್ನು ಶುದ್ಧ ಮಾಡಿ ಮಾಡಿ, ಬಣ್ಣ, ವಾಸನೆ, ರುಚಿ ಎಲ್ಲವನ್ನೂ ಕಿತ್ತುಹಾಕಿದ, ವ್ಯಾಪಾರದವರು 'ಬಿಳಿ ಎಣ್ಣೆ' ಅನ್ನುವ ಎಣ್ಣೆ. ಔಷಧಿಗೂ ಮೈಗೂ ಆಗುವ ದರ್ಜೆಯೊಂದು, ನೂಲಿನ ಗಿರಣಿಗೂ ಯಂತ್ರದ ಚೈನಿಗೂ ಆಗುವುದು ಇನ್ನೊಂದು. ಕಣ್ಣಿಗೆ ಎರಡೂ ನೀರಿನ ಹಾಗೆ. ವಾಸನೆ ಎರಡಕ್ಕೂ ಇಲ್ಲ. ವಾಸನೆಯೇ ಇಲ್ಲದ್ದನ್ನು ಮೂಸಿ ಪಾಸು ಮಾಡುವ ಮಹಾನುಭಾವರು ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ!

ಅವರದು ಇನ್ನೊಂದು ಪದ್ಧತಿ. ಹೊಸ ಡ್ರಮ್ಮಿನ ಮೊದಲ ಬಾಟಲಿ ನನ್ನ ಕೂಸಿಗೆ. "ನಮ್ಮ ಮೊಮ್ಮಗಳಿಗೆ ಹಚ್ಚಿದ್ದನ್ನೇ ಊರ ಮಕ್ಕಳಿಗೂ ಕೊಡೋದು" ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಅವತ್ತು ಶೆಡ್ಡಿಗೆ ಬಂದ ಡ್ರಮ್ಮಿನ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, "ಫಸ್ಟ್ ಕ್ಲಾಸ್" ಅಂದರು. ಮೊದಲ ಬಾಟಲಿ ಕೂಸಿಗೆಂದು ಹಿತ್ತಿಲಾಚೆಯ ನಮ್ಮ ಮನೆಗೆ ಹೋಯಿತು. ಪರೀಕ್ಷೆ ನನ್ನ ಕೆಲಸ. ಎಣ್ಣೆಗೆ ಗಂಧಕಾಮ್ಲ ಬೆರೆಸಿ, ಬಿಸಿನೀರಿನಲ್ಲಿಟ್ಟು ಕುಲುಕಿದೆ. ಒಳ್ಳೆಯ ಎಣ್ಣೆಯಾದರೆ ತಳದ ಆಮ್ಲ ಹೆಚ್ಚೆಂದರೆ ತೆಳು ಹಳದಿಗೆ ತಿರುಗುತ್ತದೆ. ಇದು ಹಾಲಿಲ್ಲದ ಚಹಾದಷ್ಟು ಕಂದು ಬಣ್ಣಕ್ಕೆ ತಿರುಗಿತು.

"ಮಾವ, ಇದು ಮೈಗೆ ಹಚ್ಚೋದಲ್ಲ. ಚೈನಿಗೆ ಹಾಕೋದು."

"ನಿನ್ನ ಆಸಿಡ್ಡೇ ಕೆಟ್ಟಿರ್ಬೇಕು. ನನ್ನ ಮೂಗಿಗೇ ಪಾಠ ಹೇಳ್ತೀಯಾ?"

"ಹಳೇ ಡ್ರಮ್ಮಿನ ಎಣ್ಣೆಗೂ ಇದೇ ಆಸಿಡ್ ಹಾಕಿದ್ದೀನಿ, ನೋಡಿ. ಅದು ತೆಳು ಹಳದಿ ದಾಟಿಲ್ಲ."

ಅಕ್ಕಪಕ್ಕ ಹಿಡಿದ ಎರಡು ಗಾಜಿನ ಕೊಳವೆ ನೋಡಿ ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಕೂಸು!" ಎಂದವರೇ ಬರಿಗಾಲಲ್ಲಿ ಓಡಿದರು. ನಾನೂ ಹಿಂದೆಯೇ ಓಡಿದೆ. ಅತ್ತೆ ಆಗಲೇ ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಮಾವ ಕೂಸನ್ನು ಕಸಿದುಕೊಂಡು, ಸೋಪು ಹಚ್ಚಿ, ಮತ್ತೆ ಮತ್ತೆ ತೊಳೆದರು. ಅವರ ಕಣ್ಣಲ್ಲಿ ನೀರಿತ್ತು. ಎಷ್ಟಾದರೂ ಒಳ್ಳೆಯ ಮನುಷ್ಯ, ಪಾಪ, ಅಂದುಕೊಂಡೆ.

ವಾಪಸು ಶೆಡ್ಡಿಗೆ ಬಂದು ಕೈ ಒರೆಸಿಕೊಂಡು, ಬಾಟಲಿ ತುಂಬುವವನಿಗೆ ಗದರಿದರು: "ಏನ್ ನೋಡ್ತಾ ನಿಂತಿದ್ದೀಯಾ? ತುಂಬ್ಸು!"

"ಮಾವ!"

"ನಮ್ಮ ಕೂಸನ್ನ ತೊಳೆದಾಯ್ತಲ್ಲಮ್ಮ. ಇನ್ನೇನು ನಿಂದು?"

ನನ್ನ ಮೈಯೆಲ್ಲ ಉರಿದುಹೋಯಿತು. ಯಂತ್ರದಿಂದ ಬಸಿದ ಹಳೇ ಗೇರ್ ಆಯಿಲ್ ಬಕೆಟ್ಟಿನಲ್ಲಿ ಮೂಲೆಯಲ್ಲಿತ್ತು. ಎತ್ತಿ ಡ್ರಮ್ಮಿಗೆ ಸುರಿದೆ. ನೀರಿನಂಥ ಎಣ್ಣೆ ಕರ್ರಗಾಯಿತು.

"ಹುಚ್ಚು ಹಿಡೀತಾ ನಿಂಗೆ? ಇದನ್ನ ಇನ್ಯಾರಿಗೆ ಮಾರೋದು?" ಎಂದು ಬಾಯಿ ಬಾಯಿ ಬಡಿದುಕೊಂಡರು. "ನಾಳೆಯಿಂದ ಇತ್ತ ಕಾಲಿಡಬೇಡ!"

"ಇಡ್ತೀನಿ," ಅಂದೆ. "ಡ್ರಮ್ಮು ಬಂದಾಗಲೆಲ್ಲ ಬರ್ತೀನಿ. ನೀವು ತೊಳೆಯೋದು ಒಂದೇ ಮಗುನ ತಾನೇ."