ತವರಿನ ಚಿಪ್ಪು

ಸುವರ್ಣಾ ಚಿಪ್ಪನ್ನು ಸತ್ತ ಅವ್ವನ ಉಡಿಯಲ್ಲಿ ಇಟ್ಟಳು. ಸೋದರತ್ತೆ ಕೆಂಚವ್ವ ಅದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಸುವರ್ಣಾ ಮತ್ತೆ ತಂದಿಟ್ಟಳು.

ಅರಭಾವಿಯ ಆ ಮನೆಯ ಪಡಸಾಲೆಯಲ್ಲಿ ದಾಕ್ಷಾಯಿಣಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಭಜನೆಯವರು ಚಹಾಕ್ಕೆಂದು ಎದ್ದುಹೋಗಿದ್ದು ಒಳ್ಳೆಯದೇ ಆಯಿತು. ಹೆಣದ ಮುಂದೆ ಜಗಳವೆಂದರೆ ಊರಿಗೆ ವಾರದ ಮಾತು.

"ಏಡಿ ಚಿಪ್ಪದು. ಲಿಂಗ ಕಟ್ಟಿದಾಕಿ ಉಡ್ಯಾಗ ಇಡೂ ವಸ್ತು ಏನವಾ?" ಎಂದಳು ಕೆಂಚವ್ವ.

"ಮುತ್ತೈದಿ ಸತ್ರ ತವರಿನ ಸೀರಿ ಬೇಕಂತೀರಿ. ಅವ್ವಗ ತವರಿನಿಂದ ಉಳಿದದ್ದು ಇದೊಂದ ಐತಿ, ಅತ್ತಿ."

ಇಬ್ಬರೂ ಸುವರ್ಣಾಳ ಅಪ್ಪ ಗುರುಲಿಂಗಪ್ಪನ ಕಡೆ ನೋಡಿದರು. ಅಕ್ಕನ ಮಾತಿಗೆ ಎದುರಾಡಿ ಗೊತ್ತಿಲ್ಲದ ಅವನು ನೆಲ ನೋಡಿದ.

*

ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅವನು ದಾಕ್ಷಾಯಿಣಿಯನ್ನು ಒಡಿಶಾದ ಕಡಲ ಹಳ್ಳಿಯಿಂದ ಮದುವೆಯಾಗಿ ತಂದಿದ್ದ. ಹೆಸರು ಬದಲಾಯಿತು, ದೀಕ್ಷೆಯಾಯಿತು, ಮೀನು ಬಿಟ್ಟಳು. ಟ್ರಂಕಿನಲ್ಲಿದ್ದ ಅಂಗೈಯಗಲದ ಈ ಚಿಪ್ಪನ್ನು ಮಾತ್ರ ಬಿಡಲಿಲ್ಲ. ಕುದುರೆ ಲಾಳದಂಥ ಆಕಾರ, ಹಿಂದೆ ಕಡ್ಡಿಯಂಥ ಬಾಲ. ಮನೆಯೊಳಗೆ ಜಾಗ ಸಿಗದೆ ಅದು ಕೊಟ್ಟಿಗೆಯ ಗೂಡಿನಲ್ಲೇ ಉಳಿಯಿತು.

ಹುಣ್ಣಿಮೆಯ ಉಬ್ಬರಕ್ಕೆ ಆ ಏಡಿಗಳು ಜೋಡಿಯಾಗಿ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆಯಿಡುತ್ತವಂತೆ. ಅಲೆ ಹೊಡೆದು ಅಂಗಾತ ಬಿದ್ದರೆ ಬಾಲ ಊರಿ ಹೊರಳುತ್ತವೆ. ಬಲೆಗೆ ಸಿಕ್ಕು ಬಾಲ ಮುರಿದವು ಹೊರಳಲಾರದೆ ಬಿಸಿಲಿಗೆ ಒಣಗಿ ಸಾಯುತ್ತವೆ. ಅವಳೂ ಅವಳಪ್ಪನೂ ನಸುಕಿನಲ್ಲಿ ದಡದುದ್ದ ನಡೆದು ಅವನ್ನು ಹೊರಳಿಸಿ ನೀರಿಗೆ ಬಿಡುತ್ತಿದ್ದರು. ಈ ಕತೆ ಹೇಳುವಾಗ ಅವಳ ಕೈಗಳು ತಾವಾಗಿಯೇ ಹೊರಳುತ್ತಿದ್ದವು.

"ಒಂದ್ ಸಲ ಕರ್ಕೊಂಡ ಹೋಗ್ರಿ."

"ಬರೂ ಹುಣ್ಣಿಮಿಗಿ" ಎನ್ನುತ್ತಿದ್ದ ಗುರುಲಿಂಗಪ್ಪ.

ಒಮ್ಮೆ ಕಬ್ಬು ಕಟಾವು, ಒಮ್ಮೆ ಬಾಣಂತನ, ಒಮ್ಮೆ ಎಮ್ಮೆ ಈಯುವುದು. ಆ ಹುಣ್ಣಿಮೆ ಬರಲೇ ಇಲ್ಲ. ಅಂಗಳದಲ್ಲಿ ಹುಳವೊಂದು ಅಂಗಾತ ಬಿದ್ದಿದ್ದರೂ ಅವಳು ಕಸಬರಿಗೆ ಕೆಳಗಿಟ್ಟು ಹೊರಳಿಸುತ್ತಿದ್ದಳು. ಕೆಂಚವ್ವ ಅದನ್ನು ನೋಡಿ ನಗುತ್ತಿದ್ದಳು.

ಹೋದ ವಾರ ಗೋಕಾಕದ ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟಾಗಲೂ ಅವಳಿಗೆ ಅದೇ ಧ್ಯಾನ. ಔಷಧಿ ಶುದ್ಧವೋ ಇಲ್ಲವೋ ನೋಡಲು ಆ ಏಡಿಗಳ ನೀಲಿ ರಕ್ತ ಬಳಸುತ್ತಾರೆಂದು ಎಲ್ಲೋ ಕೇಳಿದ್ದಳು. "ನನಗ ಹೋಗಾಕ ಆಗಲಿಲ್ಲಂತ ಅವ ಬಂದಾವ ನೋಡ್ರಿ" ಎಂದು ನಕ್ಕಳು. ಗುರುಲಿಂಗಪ್ಪನಿಗೆ ನಗಲಾಗಲಿಲ್ಲ.

*

ಕ್ರಿಯೆ ಮಾಡಿಸುವ ಅಯ್ಯನವರು ಬಂದರೆಂದು ಹೊರಗೆ ಗದ್ದಲವಾಯಿತು. ಕೆಂಚವ್ವ ಚಿಪ್ಪಿಗೆ ಮತ್ತೆ ಕೈ ಹಾಕಿದಾಗ ಗುರುಲಿಂಗಪ್ಪ ಅವಳ ಕೈ ಹಿಡಿದ.

"ಇದನ್ನ ಯಾರೂ ಕೊಂದಿಲ್ಲ, ಅಕ್ಕಾ. ಬೆಳದಂಗ ಮುಂದಿನ ಅಂಚು ಸೀಳಿ, ಚಿಪ್ಪು ಬಿಟ್ಟು ಏಡಿ ನೀರಿಗಿ ಹೋಗೇತಿ. ಆಕಿನ ಹೇಳಿದ್ಲು. ನಾ ಆಕೀನ ಕಡಲಿಗಿ ಒಯ್ಯಲಿಲ್ಲ. ಇದನ್ನರ ಒಯ್ಯಲಿ."

ಕೆಂಚವ್ವ ಸೆರಗಿನಿಂದ ಚಿಪ್ಪಿನ ಧೂಳು ಒರೆಸಿ ತಾನೇ ಹಿಡಿದು ಹೊರಟಳು.

ಹೊಲದ ಬದುವಿನಲ್ಲಿ ಕುಣಿ ಸಿದ್ಧವಾಗಿತ್ತು. ದಾಕ್ಷಾಯಿಣಿಯನ್ನು ಒಳಗೆ ಕೂರಿಸಿ, ಅಂಗೈಗೆ ಲಿಂಗವಿಟ್ಟು, ಸುತ್ತಲೂ ಉಪ್ಪು ಸುರಿದರು. ಕೆಂಚವ್ವ ಬಗ್ಗಿ ಚಿಪ್ಪನ್ನು ಅವಳ ಪಾದದ ಮುಂದಿಟ್ಟಳು. ಒಳಗೆ ಟೊಳ್ಳಿದ್ದದ್ದು ಅವಳಿಗೆ ಬಟ್ಟಲಿನಂತೆ ಕಂಡಿತು. ಅಂಗಾತವಾಗಿಟ್ಟು ಭಕ್ತಿಯಿಂದ ವಿಭೂತಿ, ಪತ್ರಿ ತುಂಬಿದಳು. ಯಾರಿಗೂ ಅದು ತಪ್ಪೆನಿಸಲಿಲ್ಲ. ಮಣ್ಣಿನ ಬುಟ್ಟಿಗಳು ಮೇಲೆದ್ದವು.

"ತಡೀರಿ" ಎಂದ ಗುರುಲಿಂಗಪ್ಪ.

ಮಗಳ ಹೆಗಲು ಹಿಡಿದು ಕುಣಿಗಿಳಿದ. ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಹೊರಳಿಸಿದ. ವಿಭೂತಿ ಅವಳ ಪಾದದ ಮೇಲೆ ಚೆಲ್ಲಿತು. ಅವಳ ಕಡಲಿರುವ ಮೂಡಣಕ್ಕೆ ಅದರ ಮುಖ ಮಾಡಿ ಉಪ್ಪಿನ ಮೇಲಿಟ್ಟು, ಬೆರಳಿನಿಂದ ಮೆಲ್ಲಗೆ ಮುಂದೆ ದೂಡಿದ. ಅದರ ಹಿಂದೆ, ಉಪ್ಪಿನಲ್ಲಿ, ಬಾಲ ಎಳೆದ ಗೆರೆಯೊಂದು ಮೂಡಿತು.